ಅಮೆರಿಕದಲ್ಲಿ ನೆಲೆಸಿದ ನಿವೃತ್ತರಿಗೆ ‘ಹೋಲಿಸ್ಟಿಕ್’ ಹಲ್ಲಿನ ಡಾಕ್ಟರು: ಹುಡುಕುವುದು ಹೇಗೆ, ಏನೇನು ಕೇಳಬೇಕು?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ನಮ್ಮ ಜೊತೆ ಇರುವ ಅಪ್ಪ-ಅಮ್ಮನ ವಿಷಯ. ಗ್ರೀನ್ ಕಾರ್ಡ್ ಬಂದು ಎರಡು ವರ್ಷವಾಗಿದೆ. ಅಮ್ಮನಿಗೆ 67, ಶುಗರ್ ಇದೆ, ಮೂಳೆ ಸವೆತಕ್ಕೆ ವಾರಕ್ಕೊಂದು ಅಲೆಂಡ್ರೋನೇಟ್ ಮಾತ್ರೆ. ಅಪ್ಪನಿಗೆ 72, ಹೃದಯಕ್ಕೆ ಸ್ಟೆಂಟ್ ಹಾಕಿದೆ, ಎರಡೂ ಮಂಡಿ ಬದಲಾಗಿವೆ.

ಇಬ್ಬರಿಗೂ ಸಿಕ್ಕಾಪಟ್ಟೆ ಔಷಧಿ, ಲೋಹ ಬೇಡ. ಹೋಲಿಸ್ಟಿಕ್ ಡೆಂಟಿಸ್ಟ್, ಅಂದರೆ ಹಲ್ಲಿನ ಜೊತೆ ಇಡೀ ದೇಹವನ್ನೂ ನೋಡುತ್ತೇವೆ ಎನ್ನುವವರು, ಬೇಕು ಅನ್ನುತ್ತಾರೆ. ಒಂದು ಕ್ಲಿನಿಕ್‌ನವರು ಅಮ್ಮನಿಗೆ ಕೊಟ್ಟ ಪ್ಲಾನ್ ಹೀಗಿದೆ: ಆರು ಹಳೇ ಬೆಳ್ಳಿ ಫಿಲ್ಲಿಂಗ್ ತೆಗೆಯುವುದು, ರೂಟ್ ಕೆನಾಲ್ ಆಗಿರುವ ಎರಡು ದವಡೆಹಲ್ಲು ಕೀಳುವುದು, ಅಲ್ಲಿನ ಮೂಳೆಯಲ್ಲಿ ‘ಕ್ಯಾವಿಟೇಷನ್’ ಸ್ವಚ್ಛ ಮಾಡುವುದು, ಆಮೇಲೆ ಜಿರ್ಕೋನಿಯಾ (ಲೋಹವಲ್ಲದ ಸೆರಾಮಿಕ್) ಇಂಪ್ಲಾಂಟ್. ಸದ್ಯಕ್ಕೆ ಎಲ್ಲೂ ನೋವಿಲ್ಲ. ಮುಂದುವರಿಯಬಹುದೇ?

ಬೇವಿನಕಡ್ಡಿ

ತುಂಗಾತೀರ ಅವರೇ, ಹಲ್ಲು ಕೀಳುವ ದಿನಾಂಕ ಗೊತ್ತಾಗಿದ್ದರೆ ಮೊದಲು ಅದನ್ನು ಮುಂದಕ್ಕೆ ಹಾಕಿಸಿ. ಬಾಕಿಯೆಲ್ಲ ನಿಧಾನವಾಗಿ ಮಾತಾಡೋಣ.

ಕಾರಣ ಅಲೆಂಡ್ರೋನೇಟ್. ಮೂಳೆ ಕರಗುವುದನ್ನು ತಡೆಯುವ ಈ ಗುಂಪಿನ ಮಾತ್ರೆಗಳು, ವರ್ಷಕ್ಕೊಮ್ಮೆ ಕೊಡುವ ಜೋಲೆಡ್ರೋನಿಕ್ ಆಸಿಡ್, ಆರು ತಿಂಗಳಿಗೊಮ್ಮೆ ಚುಚ್ಚುವ ಡೆನೋಸುಮ್ಯಾಬ್, ಇವೆಲ್ಲ ದವಡೆ ಮೂಳೆ ತನ್ನನ್ನು ತಾನೇ ರಿಪೇರಿ ಮಾಡಿಕೊಳ್ಳುವ ಕೆಲಸವನ್ನೂ ನಿಧಾನಗೊಳಿಸುತ್ತವೆ. ಹಲ್ಲು ಕಿತ್ತ ಜಾಗ ಮುಚ್ಚಿಕೊಳ್ಳದೆ ಮೂಳೆ ಎಂಟು ವಾರ ಮೀರಿಯೂ ಹೊರಗೆ ಕಾಣುತ್ತಿದ್ದರೆ ಅದನ್ನು ದವಡೆ ಮೂಳೆ ಸಾಯುವ ತೊಂದರೆ ಎಂದು ಗುರುತಿಸುತ್ತಾರೆ. ಮಾತ್ರೆ ನುಂಗುವವರಲ್ಲಿ ಇದು ಅಪರೂಪ, ನಿಜ. ಆದರೆ ಮಾತ್ರೆ ಶುರುವಾಗಿ ವರ್ಷಗಳು ಕಳೆದಷ್ಟೂ, ಜೊತೆಗೆ ಶುಗರ್ ಅಥವಾ ಸ್ಟೀರಾಯ್ಡ್ ಇದ್ದರೆ, ಅಪಾಯ ಏರುತ್ತದೆ. ನೋವಿಲ್ಲದ ಎರಡು ಹಲ್ಲು ಕಿತ್ತು, ಮೂಳೆಯನ್ನೂ ಕೆರೆಯುವುದೆಂದರೆ ಆ ಅಪಾಯವನ್ನು ಕೈಯಾರೆ ತಂದುಕೊಂಡಂತೆ.

‘ಕ್ಯಾವಿಟೇಷನ್’ ಎಂಬ ರೋಗನಿರ್ಣಯವೇ ವಿವಾದದ್ದು. ಹಳೇ ಹಲ್ಲು ಕಿತ್ತ ಜಾಗದ ಮೂಳೆಯಲ್ಲಿ ಗುಪ್ತ ಸೋಂಕು ಇದೆ ಅನ್ನುತ್ತಾರೆ. ಸ್ಕ್ಯಾನ್‌ನಲ್ಲಿ ಮೂಳೆ ಸ್ವಲ್ಪ ತೆಳು ಕಂಡರೆ ಅದನ್ನೇ ಸಾಕ್ಷಿ ಮಾಡುತ್ತಾರೆ. ಮೂಳೆ ಸವೆತ ಇರುವ ಹೆಂಗಸರಲ್ಲಿ ಮೂಳೆ ತೆಳುವಾಗಿ ಕಾಣದೆ ಇನ್ನು ಹೇಗೆ ಕಾಣಬೇಕು?

ರೂಟ್ ಕೆನಾಲ್ ಆದ ಹಲ್ಲೆಲ್ಲ ದೇಹಕ್ಕೆ ವಿಷ ಬಿಡುತ್ತದೆ ಎಂಬ ವಾದ ಇಪ್ಪತ್ತನೇ ಶತಮಾನದ ಆರಂಭದ್ದು. ವೆಸ್ಟನ್ ಪ್ರೈಸ್ ಎಂಬ ದಂತವೈದ್ಯರು ಅದನ್ನು ಪ್ರಚಾರ ಮಾಡಿದರು. ಆ ಕಾಲದಲ್ಲಿ ಸಾಲುಸಾಲು ಹಲ್ಲು ಕಿತ್ತರು. ನಂತರದ ಪರೀಕ್ಷೆಗಳಲ್ಲಿ ವಾದ ನಿಲ್ಲಲಿಲ್ಲ. ಆ ಎರಡು ಹಲ್ಲುಗಳಲ್ಲಿ ನಿಜಕ್ಕೂ ಸೋಂಕಿದೆಯೇ ಎಂದು ತಿಳಿಯಲು ಎಂಡೊಡಾಂಟಿಸ್ಟ್ (ರೂಟ್ ಕೆನಾಲ್ ತಜ್ಞರು) ಹತ್ತಿರ ಹೋಗಿ. ಅವರು ಹಲ್ಲಿನ ಮೇಲೆ ಮೆಲ್ಲಗೆ ತಟ್ಟಿ ನೋಡುತ್ತಾರೆ, ಒಸಡನ್ನು ಒತ್ತಿ ನೋಡುತ್ತಾರೆ, ಬೇರಿನ ತುದಿ ಪೂರ್ತಿ ಕಾಣುವ ಎಕ್ಸ್-ರೇ ತೆಗೆಯುತ್ತಾರೆ, ಬೇಕಿದ್ದರೆ ಆ ಹಲ್ಲಿನ ಜಾಗಕ್ಕಷ್ಟೇ ಸಣ್ಣ ಸಿಬಿಸಿಟಿ (ಮೂರು ಆಯಾಮದ ಎಕ್ಸ್-ರೇ) ಸ್ಕ್ಯಾನ್. ಹಳೇ ಎಕ್ಸ್-ರೇ ಊರಿನಿಂದ ತರಿಸಿದರೆ ಇನ್ನೂ ಒಳ್ಳೆಯದು: ಕಪ್ಪು ನೆರಳು ಬೆಳೆಯುತ್ತಿದೆಯೋ ಕುಗ್ಗುತ್ತಿದೆಯೋ ಗೊತ್ತಾಗುತ್ತದೆ. ಸೋಂಕಿದ್ದರೂ ಕೀಳುವುದೊಂದೇ ದಾರಿಯಲ್ಲ. ರೂಟ್ ಕೆನಾಲ್ ಮತ್ತೆ ಮಾಡಬಹುದು.

ಕೀಳಲೇಬೇಕಾದರೆ ಅಲೆಂಡ್ರೋನೇಟ್ ಬರೆದುಕೊಟ್ಟ ವೈದ್ಯರಿಗೂ ತಿಳಿಸಿ, ಓರಲ್ ಸರ್ಜನ್ ಹತ್ತಿರ ಮಾಡಿಸಿ. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಡೆನೋಸುಮ್ಯಾಬ್ ಇದ್ದವರಂತೂ ಚುಚ್ಚುಮದ್ದು ತಡ ಮಾಡಲೇಬಾರದು, ತಡವಾದರೆ ಬೆನ್ನುಮೂಳೆ ಮುರಿಯುವ ಸಂಭವ ಇದೆ.

ಫ್ರೀಮಾಂಟ್ ಕನ್ನಡತಿ

ಹುಡುಕುವ ಬಗ್ಗೆ ನಾನು ಹೇಳುತ್ತೇನೆ. ಅಮೆರಿಕದಲ್ಲಿ ಮಾನ್ಯತೆ ಪಡೆದ ಡೆಂಟಲ್ ಸ್ಪೆಷಾಲಿಟಿಗಳು 12. ಹೋಲಿಸ್ಟಿಕ್ ಅಥವಾ ಬಯಾಲಾಜಿಕಲ್ ಅನ್ನುವುದು ಅವುಗಳಲ್ಲಿ ಇಲ್ಲ. ಹಾಗಾಗಿ ಬೋರ್ಡ್ ಯಾರು ಬೇಕಾದರೂ ಹಾಕಬಹುದು. ಒಬ್ಬರ ಹತ್ತಿರ ಅದರ ಅರ್ಥ ‘ಔಷಧಿ ಪಟ್ಟಿ ನೋಡಿ, ಹಲ್ಲು ಉಳಿಸಿ, ನಿಧಾನವಾಗಿ ಕೆಲಸ ಮಾಡುತ್ತೇನೆ’ ಎಂದು. ಇನ್ನೊಬ್ಬರ ಹತ್ತಿರ ಅದು ಸ್ನಾಯು ಒತ್ತಿ ಅಲರ್ಜಿ ಹೇಳುವುದು.

ಇದಕ್ಕೆಂದೇ ಸಂಘಟನೆಗಳಿವೆ: ಐಎಓಎಂಟಿ, ಐಎಬಿಡಿಎಂ, ಹೋಲಿಸ್ಟಿಕ್ ಡೆಂಟಲ್ ಅಸೋಸಿಯೇಷನ್. ಅವುಗಳ ಪಟ್ಟಿಯಲ್ಲಿ ಹೆಸರಿದ್ದರೆ ಚಂದಾ ಕಟ್ಟಿದ್ದಾರೆ ಎಂದು ಗೊತ್ತಾಗುತ್ತದೆ, ಅಷ್ಟೇ. ಐಎಓಎಂಟಿಯಲ್ಲಿ ಬರೀ ಸದಸ್ಯರು ಬೇರೆ, ಅಮಾಲ್ಗಮ್ (ಬೆಳ್ಳಿ ಫಿಲ್ಲಿಂಗ್) ತೆಗೆಯುವ ‘ಸ್ಮಾರ್ಟ್’ ತರಬೇತಿ ಮುಗಿಸಿದವರು ಬೇರೆ, ಎರಡನೆಯದನ್ನು ಕೇಳಿ.

ಪಟ್ಟಿಗಿಂತ ಮುಖ್ಯವಾದದ್ದು ರಾಜ್ಯದ ಡೆಂಟಲ್ ಬೋರ್ಡ್. ಕ್ಯಾಲಿಫೋರ್ನಿಯಾದಲ್ಲಿ ಲೈಸೆನ್ಸ್ ಹುಡುಕುವ ಸರ್ಕಾರಿ ತಾಣದಲ್ಲಿ ಡಾಕ್ಟರ ಹೆಸರು ಹಾಕಿದರೆ ಲೈಸೆನ್ಸ್ ಚಾಲ್ತಿಯಲ್ಲಿದೆಯೇ, ಶಿಸ್ತುಕ್ರಮ ಆಗಿದೆಯೇ ಎಲ್ಲವೂ ಕಾಣುತ್ತದೆ. ಪುಕ್ಕಟೆ. ಇಷ್ಟು ನೋಡದೆ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಬೇಡಿ.

ನಂತರ ಫೋನ್ ಮಾಡಿ ಕೇಳಬೇಕಾದ ಮಾತುಗಳು. ಮೊದಲ ಭೇಟಿಯಲ್ಲಿ ಪ್ರತಿ ಹಲ್ಲಿನ ಸುತ್ತ ಆರು ಕಡೆ ಒಸಡಿನ ಆಳ ಅಳೆಯುತ್ತೀರಾ? ರಕ್ತದೊತ್ತಡ ನೋಡುತ್ತೀರಾ? ಔಷಧಿ ಪಟ್ಟಿ ಮೊದಲೇ ಕಳಿಸಬಹುದೇ, ಅಮ್ಮನ ವೈದ್ಯರ ಜೊತೆ ನೀವೇ ಮಾತಾಡುತ್ತೀರಾ? ಪ್ಲಾನ್ ಅನ್ನು ಹಲ್ಲಿನ ನಂಬರ್ ಮತ್ತು ಕೋಡ್ ಸಮೇತ ಬರೆದು ಕೊಡುತ್ತೀರಾ? ಏನೂ ಮಾಡದೆ ಆರು ತಿಂಗಳು ಕಾದರೆ ಏನಾಗುತ್ತದೆ? ಕೊನೆಯ ಪ್ರಶ್ನೆಗೆ ಶಾಂತವಾಗಿ, ಹಲ್ಲು ಹಲ್ಲಿಗೂ ಬೇರೆಬೇರೆಯಾಗಿ ಉತ್ತರ ಕೊಡುವವರು ನಂಬಿಕಸ್ತರು. ಹೆದರಿಸಿದರೆ ಫೋನ್ ಇಡಿ.

ಎಡಿಸನ್ ವಾಸಿ

ಬೇವಿನಕಡ್ಡಿಯವರು ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಬೆಳ್ಳಿ ಫಿಲ್ಲಿಂಗ್ ವಿಷಯವನ್ನು ಹಾಗೇ ಬಿಡಲಾಗದು. ಅಮಾಲ್ಗಮ್‌ನ ತೂಕದಲ್ಲಿ ಸುಮಾರು ಅರ್ಧ ಪಾದರಸ. ಯುರೋಪಿಯನ್ ಒಕ್ಕೂಟ 2025ರ ಜನವರಿ 1ರಿಂದ ಹೊಸದಾಗಿ ಹಾಕುವುದನ್ನು, ವೈದ್ಯಕೀಯವಾಗಿ ಅನಿವಾರ್ಯವಾದ ಸಂದರ್ಭ ಬಿಟ್ಟು, ನಿಲ್ಲಿಸಿದೆ. ಹಳೆಯದು ಒಡೆದೋ ಅಂಚಿನಲ್ಲಿ ಹುಳುಕು ಬಿದ್ದೋ ತೆಗೆಯುವ ದಿನ ಬಂದೇ ಬರುತ್ತದೆ. ಆಗ ತೆಗೆಯುವ ರೀತಿ ಮುಖ್ಯ, ಇಲ್ಲಿ ಹೋಲಿಸ್ಟಿಕ್ ಕ್ಲಿನಿಕ್‌ಗಳು ಸಾಮಾನ್ಯ ಕ್ಲಿನಿಕ್‌ಗಳಿಗಿಂತ ಎಷ್ಟೋ ಎಚ್ಚರ ವಹಿಸುತ್ತವೆ.

ಆ ಹಲ್ಲನ್ನು, ಸುತ್ತ ಬಿಗಿಯುವ ತೆಳು ಹಾಳೆಯಾದ ನೈಟ್ರೈಲ್ ರಬ್ಬರ್ ಡ್ಯಾಮ್‌ನಿಂದ ಬೇರ್ಪಡಿಸಬೇಕು. ಡ್ಯಾಮ್‌ನ ಅಡಿಯಲ್ಲಿ ಎಂಜಲು ಎಳೆಯುವ ಒಂದು ನಳಿಕೆ, ಹಲ್ಲಿನ ಪಕ್ಕದಲ್ಲಿ ಜೋರಾಗಿ ಎಳೆಯುವ ಇನ್ನೊಂದು, ಬಾಯಿಯ ಹೊರಗೆ ಗದ್ದದ ಹತ್ತಿರ ಆವಿ ಎಳೆಯುವ ದೊಡ್ಡ ಸೊಂಡಿಲಿನ ಯಂತ್ರ. ಮೂಗಿಗೆ ಬೇರೆ ಗಾಳಿ ಅಥವಾ ಆಮ್ಲಜನಕ. ಕಣ್ಣು, ಮುಖ, ಕುತ್ತಿಗೆಗೆ ಹೊದಿಕೆ. ಫಿಲ್ಲಿಂಗ್ ಅನ್ನು ಪುಡಿಪುಡಿ ಮಾಡದೆ, ನೀರು ಧಾರಾಳವಾಗಿ ಬಿಡುತ್ತಾ, ಗೆರೆ ಕೊರೆದು ತುಂಡುತುಂಡಾಗಿ ಎತ್ತಬೇಕು. ಬಿಸಿಯಾದಷ್ಟೂ ಆವಿ ಹೆಚ್ಚು, ಒಣಗಿಸಿ ಕೊರೆಯುವುದೇ ದೊಡ್ಡ ತಪ್ಪು. ಮುಗಿದ ಮೇಲೆ ಡ್ಯಾಮ್ ತೆಗೆಯುವ ಮೊದಲೇ ಚೆನ್ನಾಗಿ ತೊಳೆಯಬೇಕು. ಚರಂಡಿಗೆ ಹೋಗುವ ಮೊದಲು ಅಮಾಲ್ಗಮ್ ಹಿಡಿಯುವ ಸಪರೇಟರ್ ಇರಬೇಕೆಂದು ಅಮೆರಿಕದ ಪರಿಸರ ಇಲಾಖೆಯೇ 2017ರಲ್ಲಿ ನಿಯಮ ಮಾಡಿದೆ. ಅದೊಂದೇ ಇದೆ ಎಂದರೆ ರೋಗಿಯ ರಕ್ಷಣೆ ಆಯಿತು ಎಂದಲ್ಲ.

ವಯಸ್ಸಾದವರಿಗೆ ಒಂದು ತೊಡಕು: ರಬ್ಬರ್ ಡ್ಯಾಮ್ ಹಾಕಿ ಪೂರ್ತಿ ಮಲಗಿಸಿದರೆ ಉಸಿರು ಕಟ್ಟಿದಂತಾಗುತ್ತದೆ. ಕುರ್ಚಿ ಅರ್ಧ ಮಾತ್ರ ಬಾಗಿಸಲು, ದವಡೆಗೆ ಬೈಟ್ ಬ್ಲಾಕ್ ಇಡಲು, ಒಮ್ಮೆಗೆ ಒಂದೇ ಭಾಗ ಮಾಡಲು ಮೊದಲೇ ಹೇಳಿಡಿ. ಕೈ ಎತ್ತಿದರೆ ನಿಲ್ಲಿಸಬೇಕು ಎಂಬ ಸಂಜ್ಞೆಯೂ ಮೊದಲೇ ಗೊತ್ತಾಗಿರಲಿ.

ಬೇವಿನಕಡ್ಡಿ

ಎಡಿಸನ್ ವಾಸಿ ಸರ್, ತೆಗೆಯುವ ವಿಧಾನದಲ್ಲಿ ನಮ್ಮಿಬ್ಬರಿಗೂ ಭಿನ್ನಾಭಿಪ್ರಾಯವಿಲ್ಲ. ಯಾವಾಗ ತೆಗೆಯಬೇಕು ಎಂಬುದರಲ್ಲಿದೆ. ಎಫ್‌ಡಿಎ (ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ) 2020ರ ಸೆಪ್ಟೆಂಬರ್‌ನಲ್ಲಿ ಹೇಳಿದ್ದು ಎರಡು ಮಾತು. ಗರ್ಭಿಣಿಯರು, ಎದೆಹಾಲುಣಿಸುವವರು, ಆರು ವರ್ಷದೊಳಗಿನ ಮಕ್ಕಳು, ನರರೋಗ ಇರುವವರು, ಮೂತ್ರಪಿಂಡ ದುರ್ಬಲವಾಗಿರುವವರು, ಪಾದರಸದ ಅಲರ್ಜಿ ಇರುವವರು ಸಾಧ್ಯವಾದಷ್ಟು ಹೊಸ ಅಮಾಲ್ಗಮ್ ಹಾಕಿಸದಿರಲಿ. ಗಟ್ಟಿಯಾಗಿರುವ ಹಳೇ ಫಿಲ್ಲಿಂಗ್ ಅನ್ನು ವೈದ್ಯಕೀಯ ಅಗತ್ಯವಿಲ್ಲದೆ ತೆಗೆಯಬೇಡಿ, ತೆಗೆಯುವಾಗ ಆವಿ ತಾತ್ಕಾಲಿಕವಾಗಿ ಹೆಚ್ಚುತ್ತದೆ, ಒಳ್ಳೆಯ ಹಲ್ಲೂ ಸವೆಯುತ್ತದೆ.

ಯುರೋಪಿನ ನಿಷೇಧ ಹೊಸದಾಗಿ ಹಾಕುವುದಕ್ಕೆ. ಬಾಯಲ್ಲಿರುವುದನ್ನು ತೆಗೆಯಿರಿ ಎಂದು ಅದು ಹೇಳುವುದಿಲ್ಲ.

67ರ ಹಲ್ಲು ಹೇಗಿರುತ್ತದೆ ಯೋಚಿಸಿ. ದೊಡ್ಡ ಫಿಲ್ಲಿಂಗ್ ಸುತ್ತ ತೆಳ್ಳಗಿನ ಗೋಡೆ. ತೆಗೆದಾಗ ಗೋಡೆ ಬಿರಿದರೆ ಫಿಲ್ಲಿಂಗ್ ಹೋಗಿ ಕ್ಯಾಪ್ ಬೇಕಾಗುತ್ತದೆ, ನರಕ್ಕೆ ಪೆಟ್ಟಾದರೆ ರೂಟ್ ಕೆನಾಲ್. ಆಗ ಅದೇ ಕ್ಲಿನಿಕ್ ‘ರೂಟ್ ಕೆನಾಲ್ ವಿಷ, ಕೀಳೋಣ’ ಅನ್ನುತ್ತದೆ. ಆರು ಫಿಲ್ಲಿಂಗ್‌ನಲ್ಲಿ ಯಾವುದರ ಅಂಚು ಬಿಟ್ಟಿದೆ, ಯಾವುದರಡಿ ಹುಳುಕಿದೆ ಎಂದು ಫೋಟೋ ತೋರಿಸಿ ಹೇಳಲಿ. ಅಂಥದ್ದು ಒಂದೋ ಎರಡೋ ಇದ್ದರೆ ಅವನ್ನು ನೀವು ಬರೆದ ರೀತಿಯಲ್ಲೇ ತೆಗೆಯಲಿ.

ಇನ್ನು ತೆಗೆದ ಮೇಲೆ ‘ಡಿಟಾಕ್ಸ್’ ಎಂದು ಕೀಲೇಷನ್ (ದೇಹದ ಲೋಹವನ್ನು ಹಿಡಿದು ಮೂತ್ರದಲ್ಲಿ ಹೊರಹಾಕುವ) ಔಷಧಿ ಕೊಡುವವರಿದ್ದಾರೆ. ಔಷಧಿ ಕೊಟ್ಟು ಆಮೇಲೆ ಮೂತ್ರದಲ್ಲಿ ಪಾದರಸ ಅಳೆದರೆ ಯಾರಲ್ಲಾದರೂ ಹೆಚ್ಚೇ ಕಾಣುತ್ತದೆ, ಔಷಧಿಯ ಕೆಲಸವೇ ಅದು. ಮೂತ್ರಪಿಂಡ ಸೊರಗಿದ ವಯಸ್ಸಿನಲ್ಲಿ ಇದಕ್ಕೆ ಒಪ್ಪಬೇಡಿ.

ಲೋಹದ ಅಲರ್ಜಿಯ ಅನುಮಾನವಿದ್ದರೆ ಚರ್ಮದ ವೈದ್ಯರ ಹತ್ತಿರ ಪ್ಯಾಚ್ ಟೆಸ್ಟ್ (ಚರ್ಮಕ್ಕೆ ಪಟ್ಟಿ ಅಂಟಿಸಿ ಅಲರ್ಜಿ ನೋಡುವುದು) ಮಾಡಿಸಿ. ಊರಿನಲ್ಲಿ ಹಾಕಿಸಿದ ಕಡಿಮೆ ದರದ ಲೋಹ-ಸೆರಾಮಿಕ್ ಕ್ಯಾಪ್‌ಗಳ ಒಳಗೆ ನಿಕಲ್ ಇರುವುದುಂಟು. ಒಡವೆ, ವಾಚಿನ ಪಟ್ಟಿಗೆ ತುರಿಕೆ ಬರುವವರು ಇದನ್ನು ನಿಜವಾಗಿ ಪರೀಕ್ಷಿಸಬೇಕು. ಪ್ಯಾಚ್ ಟೆಸ್ಟ್ ಇಲ್ಲದೆ ಬರೀ ರಕ್ತ ಕಳಿಸಿ ಹಲ್ಲಿನ ಸಾಮಗ್ರಿಗಳ ಉದ್ದ ಪಟ್ಟಿ ತರಿಸುವುದು ದುಡ್ಡು ದಂಡ.

ಹಳೇ ಮೈಸೂರು

ದುಡ್ಡಿನ ಲೆಕ್ಕ ಯಾರೂ ಎತ್ತಲಿಲ್ಲ. ಗ್ರೀನ್ ಕಾರ್ಡ್ ಬಂದು ಎರಡು ವರ್ಷ ಅಂದರೆ, ಇಲ್ಲಿ ಕೆಲಸ ಮಾಡಿರದ ಹಿರಿಯರು ಮೆಡಿಕೇರ್ (ಹಿರಿಯರಿಗಿರುವ ಸರ್ಕಾರಿ ಆರೋಗ್ಯ ವಿಮೆ) ಕೊಳ್ಳಲು ಐದು ವರ್ಷ ನಿರಂತರ ವಾಸ ಆಗಿರಬೇಕು. ಸಿಕ್ಕ ಮೇಲೂ ಮೂಲ ಮೆಡಿಕೇರ್ ದಿನನಿತ್ಯದ ಹಲ್ಲಿನ ಕೆಲಸಕ್ಕೆ ಕೊಡುವುದಿಲ್ಲ. ಹೃದಯದ ಕವಾಟ ಬದಲಿಸುವ ಮುಂಚೆ, ಅಂಗಾಂಗ ಕಸಿಗೆ ಮುಂಚೆ, ಕೆಲವು ಕ್ಯಾನ್ಸರ್ ಚಿಕಿತ್ಸೆಗೆ, 2025ರಿಂದ ಡಯಾಲಿಸಿಸ್ ರೋಗಿಗಳಿಗೆ, ಬಾಯಿಯ ಸೋಂಕು ತೆಗೆಯುವುದು ಆ ಚಿಕಿತ್ಸೆಯ ಭಾಗವಾಗಿದ್ದರೆ ಮಾತ್ರ. ವಿಸಿಟರ್ ಇನ್ಶೂರೆನ್ಸ್‌ನಲ್ಲಿ ಬಂದವರಿಗೆ ಹಠಾತ್ ನೋವು, ಅಪಘಾತ ಇಷ್ಟೇ.

ಕೈಯಿಂದ ಕೊಂಡ ಡೆಂಟಲ್ ಪ್ಲಾನ್‌ಗಳಲ್ಲಿ ನೋಡಬೇಕಾದ್ದು ಮೂರು ಕಡೆ. ವರ್ಷದ ಮಿತಿ, ಸಾಮಾನ್ಯವಾಗಿ 1000ದಿಂದ 2000 ಡಾಲರ್. ಒಂದು ಕ್ಯಾಪ್ ಮಾಡಿಸುವಷ್ಟರಲ್ಲಿ ಬಹುಪಾಲು ಮುಗಿಯುತ್ತದೆ. ದೊಡ್ಡ ಕೆಲಸಕ್ಕೆ 6ರಿಂದ 12 ತಿಂಗಳ ಕಾಯುವಿಕೆ. ಮತ್ತು ಪ್ಲಾನ್ ಕೊಳ್ಳುವ ಮೊದಲೇ ಬಿದ್ದಿದ್ದ ಹಲ್ಲಿಗೆ ದುಡ್ಡಿಲ್ಲ ಎಂಬ ಷರತ್ತು. ಹೋಲಿಸ್ಟಿಕ್ ಕ್ಲಿನಿಕ್‌ಗಳು ಬಹಳಷ್ಟು ನೆಟ್‌ವರ್ಕ್‌ನ ಹೊರಗಿರುತ್ತವೆ. ಓಜೋನ್, ಬಯೋಕಂಪ್ಯಾಟಿಬಿಲಿಟಿ ಪರೀಕ್ಷೆ ಇವಕ್ಕೆಲ್ಲ ವಿಮೆ ಬರುವುದಿಲ್ಲ.

ಪ್ಲಾನ್ ಹಾಳೆಯಲ್ಲಿ ಕೋಡ್ ಓದಲು ಕಲಿಯಿರಿ. ಡಿ0150 ಪೂರ್ಣ ತಪಾಸಣೆ, ಡಿ1110 ಸಾಮಾನ್ಯ ಕ್ಲೀನಿಂಗ್, ಡಿ4341 ಬಾಯಿಯ ಕಾಲುಭಾಗದ ಡೀಪ್ ಕ್ಲೀನಿಂಗ್, ಡಿ2740 ಸೆರಾಮಿಕ್ ಕ್ಯಾಪ್, ಡಿ7140 ಸಾದಾ ಹಲ್ಲು ಕೀಳುವುದು, ಡಿ6010 ಇಂಪ್ಲಾಂಟ್. ಡಿ4341 ನಾಲ್ಕು ಸಲ ಬರೆದಿದ್ದರೆ ಅಳತೆ ಹಾಳೆ ಕೇಳಿ. ಒಸಡಿನ ಆಳ 4 ಮಿಲಿಮೀಟರ್ ಅಥವಾ ಮೇಲೆ, ರಕ್ತ ಬರುವುದು, ಎಕ್ಸ್-ರೇಯಲ್ಲಿ ಮೂಳೆ ಇಳಿದಿರುವುದು, ಇವು ಒಟ್ಟಿಗೆ ಇರಬೇಕು. ಎಲ್ಲ ಕಡೆ 2, 3 ಎಂದಿದ್ದರೆ ಡೀಪ್ ಕ್ಲೀನಿಂಗ್‌ಗೆ ಕಾರಣವಿಲ್ಲ. ನಿಮ್ಮ ದಾಖಲೆಯ ಪ್ರತಿ ಕೇಳಿದರೆ 30 ದಿನದೊಳಗೆ ಕೊಡಬೇಕೆಂಬುದು ಕಾನೂನು.

ಎರಡನೇ ಅಭಿಪ್ರಾಯಕ್ಕೆ, ಕಡಿಮೆ ಖರ್ಚಿಗೆ ಡೆಂಟಲ್ ಕಾಲೇಜುಗಳು ಒಳ್ಳೆಯವು. ಬೇ ಏರಿಯಾದಲ್ಲಿ ಯುಸಿಎಸ್‌ಎಫ್ ಮತ್ತು ಯುನಿವರ್ಸಿಟಿ ಆಫ್ ದಿ ಪೆಸಿಫಿಕ್ ಎರಡೂ ಸ್ಯಾನ್ ಫ್ರಾನ್ಸಿಸ್ಕೋದಲ್ಲಿವೆ. ವಿದ್ಯಾರ್ಥಿ ಮಾಡಿದ ಪ್ರತಿ ಹೆಜ್ಜೆಯನ್ನೂ ಪ್ರಾಧ್ಯಾಪಕರು ನೋಡುತ್ತಾರೆ. ಒಂದೊಂದು ಭೇಟಿಗೂ ಎರಡು ಮೂರು ಗಂಟೆ ಹಿಡಿಯುತ್ತದೆ, ಅಪ್ಪನವರಿಗೆ ಬೆನ್ನಿಗೊಂದು ದಿಂಬು ಒಯ್ಯಿರಿ. ಆದಾಯ ಕಡಿಮೆಯಿರುವವರಿಗೆ ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ ಆದಾಯಕ್ಕೆ ತಕ್ಕ ಶುಲ್ಕ.

ಕುರ್ಚಿಯಲ್ಲಿ ಕೂತಾಗ ಡೆಂಟಲ್ ಕ್ರೆಡಿಟ್ ಕಾರ್ಡಿಗೆ ಸಹಿ ಹಾಕಬೇಡಿ. ‘ಬಡ್ಡಿಯಿಲ್ಲ’ ಎಂದವುಗಳಲ್ಲಿ ಬಹಳಷ್ಟು, ಅವಧಿಯೊಳಗೆ ಪೂರ್ತಿ ತೀರದಿದ್ದರೆ ಮೊದಲ ದಿನದಿಂದಲೇ ಬಡ್ಡಿ ಹಾಕುತ್ತವೆ.

ತುಂಗಾತೀರ

ಎಲ್ಲರಿಗೂ ತುಂಬಾ ಧನ್ಯವಾದ. ಕೀಳುವ ಅಪಾಯಿಂಟ್‌ಮೆಂಟ್ ರದ್ದು ಮಾಡಿಸಿದೆವು, ಎಂಡೊಡಾಂಟಿಸ್ಟ್ ಹತ್ತಿರ ಸಮಯ ಸಿಕ್ಕಿದೆ.

ಈಗ ಅಪ್ಪನದು. ರಕ್ತ ಹೆಪ್ಪುಗಟ್ಟದಂತೆ ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಎರಡೂ ನಡೆಯುತ್ತಿವೆ. ಒಂದು ಹಲ್ಲು ನಿಜವಾಗಿಯೂ ಅಲುಗಾಡುತ್ತಿದೆ. ‘ಐದು ದಿನ ಮಾತ್ರೆ ನಿಲ್ಲಿಸಿ ಬನ್ನಿ, ಮಂಡಿ ಇರುವುದರಿಂದ ಆಂಟಿಬಯೋಟಿಕ್ ನುಂಗಿ ಬನ್ನಿ’ ಎಂದು ಡೆಂಟಿಸ್ಟ್ ಹೇಳಿದ್ದಾರೆ. ಅಪ್ಪ ದಿನಾ ಎಳ್ಳೆಣ್ಣೆ ಮುಕ್ಕಳಿಸುತ್ತಾರೆ, ಊಟದ ಮೇಲೆ ಒಂದು ಹೋಳು ಅಡಿಕೆ.

ಬೇವಿನಕಡ್ಡಿ

ಸ್ಟೆಂಟ್ ಇರುವವರು ಹೃದಯದ ವೈದ್ಯರು ಹೇಳದೆ ಆ ಎರಡರಲ್ಲಿ ಯಾವುದನ್ನೂ ಒಂದು ದಿನವೂ ನಿಲ್ಲಿಸಬಾರದು. ಸ್ಟೆಂಟ್ ಒಳಗೆ ರಕ್ತ ಹೆಪ್ಪುಗಟ್ಟಿದರೆ ಪ್ರಾಣಕ್ಕೇ ಅಪಾಯ. ಹಲ್ಲು ಕಿತ್ತ ಜಾಗದ ರಕ್ತವನ್ನು ಗಾಜ್ ಕಚ್ಚಿಸಿ, ಹೊಲಿಗೆ ಹಾಕಿ, ಜೆಲಾಟಿನ್ ಸ್ಪಂಜು ಇಟ್ಟು ನಿಲ್ಲಿಸಬಹುದು. ಬೆಳಗಿನ ಹೊತ್ತು, ಒಮ್ಮೆಗೆ ಒಂದೇ ಹಲ್ಲು, ಮನೆಗೆ ಹೋದ ಮೇಲೆ ಗಾಜ್ ಅನ್ನು 30 ನಿಮಿಷ ತೆಗೆಯದೆ ಕಚ್ಚಿರಬೇಕು. ಆ ದಿನ ಬಾಯಿ ಮುಕ್ಕಳಿಸುವುದು, ಜೋರಾಗಿ ಉಗಿಯುವುದು, ಸ್ಟ್ರಾ ಹಾಕಿ ಕುಡಿಯುವುದು ಬೇಡ. ನೋವಿಗೆ ಐಬುಪ್ರೊಫೆನ್ ಬೇಡ, ಈ ಮಾತ್ರೆಗಳ ಜೊತೆ ರಕ್ತಸ್ರಾವ ಹೆಚ್ಚಿಸುತ್ತದೆ. ಇಲ್ಲಿ ಟೈಲೆನಾಲ್ ಎಂದು ಸಿಗುವುದು ನಮ್ಮ ಪ್ಯಾರಾಸಿಟಮಾಲ್, ಯಕೃತ್ತು ಚೆನ್ನಾಗಿದ್ದರೆ ಅದು ಸಾಕು.

ಮಂಡಿ ಬದಲಾದವರಿಗೆ ಹಲ್ಲಿನ ಕೆಲಸಕ್ಕೆ ಮುಂಚೆ ಆಂಟಿಬಯೋಟಿಕ್ ಸಾಮಾನ್ಯವಾಗಿ ಬೇಡ ಎಂದು ಅಮೆರಿಕನ್ ಡೆಂಟಲ್ ಅಸೋಸಿಯೇಷನ್ 2015ರಲ್ಲೇ ಹೇಳಿದೆ. ಸ್ಟೆಂಟ್‌ಗೂ ಬೇಡ. ಕೃತಕ ಹೃದಯ ಕವಾಟ ಇರುವವರಿಗೆ, ಹಿಂದೆ ಎಂಡೊಕಾರ್ಡೈಟಿಸ್ (ಹೃದಯದ ಒಳಪದರದ ಸೋಂಕು) ಬಂದವರಿಗೆ ಬೇಕು: ಅಮಾಕ್ಸಿಸಿಲಿನ್ 2 ಗ್ರಾಂ, ಕೆಲಸಕ್ಕೆ 30ರಿಂದ 60 ನಿಮಿಷ ಮುಂಚೆ. ಮಂಡಿಯ ಸರ್ಜನ್ ಅಪ್ಪನವರಿಗೆ ವಿಶೇಷವಾಗಿ ಏನಾದರೂ ಹೇಳಿದ್ದರೆ ಅವರಿಂದಲೇ ಬರೆಸಿಕೊಳ್ಳಿ. ಔಷಧಿ ಕಡಿಮೆ ಮಾಡಬೇಕೆಂಬ ಅಪ್ಪನವರ ಆಸೆ ನಿಜಕ್ಕೂ ಈಡೇರುವುದು ಇಲ್ಲೇ.

ಎಣ್ಣೆ ಮುಕ್ಕಳಿಸುವುದು, ಆಯುರ್ವೇದದ ಗಂಡೂಷ, ಕವಲ, ಮುಂದುವರಿಯಲಿ. ಒಂದು ಚಮಚ, ಹತ್ತು ನಿಮಿಷ ಸಾಕು. ಸಿಂಕಿಗೆ ಉಗಿದರೆ ಪೈಪು ಕಟ್ಟುತ್ತದೆ, ಕಾಗದಕ್ಕೆ ಉಗಿದು ಕಸಕ್ಕೆ ಹಾಕಿ. ಪಾರ್ಶ್ವವಾಯು ಬಂದವರು, ನುಂಗುವಾಗ ಕೆಮ್ಮುವವರು ಮಾಡಬಾರದು. ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ. ಹುಳುಕು, ಅಲುಗಾಡುವ ಹಲ್ಲು ಎಣ್ಣೆಯಿಂದ ವಾಸಿಯಾಗುವುದಿಲ್ಲ.

ಅಡಿಕೆಯ ವಿಷಯ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ತಂಬಾಕಿಲ್ಲದ ಬರೀ ಅಡಿಕೆಯೂ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿನಲ್ಲಿದೆ. ಕೆನ್ನೆಯ ಒಳಗೆ ಬಿಳಿಚಿಕೊಂಡ ಪಟ್ಟಿಗಳು, ಖಾರ ತಿಂದರೆ ಉರಿ, ಬಾಯಿ ಮೂರು ಬೆರಳು ನಿಲ್ಲಿಸುವಷ್ಟು ತೆರೆಯದಿರುವುದು, ಇವನ್ನು ನೋಡಿ. ಇಲ್ಲಿನ ಎಷ್ಟೋ ಡೆಂಟಿಸ್ಟರು ಅಡಿಕೆ ಬಾಯಿಯನ್ನು ಕಂಡಿರುವುದಿಲ್ಲ. ಫಾರ್ಮಿನಲ್ಲಿ ‘ತಂಬಾಕು ಇಲ್ಲ’ ಎಂದು ಟಿಕ್ ಮಾಡಿ ಸುಮ್ಮನಾದರೆ ಅವರು ಕೇಳುವುದೂ ಇಲ್ಲ. ‘ಬೀಟಲ್ ನಟ್, ಇಷ್ಟು ವರ್ಷದಿಂದ’ ಎಂದು ಬರೆದುಕೊಡಿ.

ಫ್ರೀಮಾಂಟ್ ಕನ್ನಡತಿ

ಅಪ್ಪನವರಿಗೆ ಬಾಯಿ ಒಣಗುತ್ತದೆಯೇ? ಅಲರ್ಜಿ ಮಾತ್ರೆ, ನಿದ್ರೆಗೆ ಅಂಗಡಿಯಲ್ಲಿ ಸಿಗುವ ಡೈಫೆನ್‌ಹೈಡ್ರಮಿನ್, ಮೂತ್ರಕೋಶದ ಮಾತ್ರೆ, ಅಮಿಟ್ರಿಪ್ಟಿಲಿನ್ ಇವು ಎಂಜಲು ಕಡಿಮೆ ಮಾಡುತ್ತವೆ. ಎಂಜಲಿಲ್ಲದ ಬಾಯಲ್ಲಿ ಒಸಡು ಇಳಿದ ಬೇರುಗಳು ಬೇಗ ಹುಳುಕಾಗುತ್ತವೆ. ಬಿಪಿಗೆ ಅಮ್ಲೋಡಿಪಿನ್ ಇದ್ದರೆ ಒಸಡು ಊದಿ ಬೆಳೆಯಬಹುದು, ಬಿಪಿ ಡಾಕ್ಟರು ಮಾತ್ರೆ ಬದಲಿಸಿದರೆ ಬಹಳ ಸಲ ಇಳಿಯುತ್ತದೆ. ದೇಹವನ್ನೆಲ್ಲ ನೋಡುವ ಡಾಕ್ಟರು ಅಂದರೆ ನನ್ನ ಲೆಕ್ಕದಲ್ಲಿ ಇದನ್ನು ನೋಡುವವರು.

ಒಣ ಬಾಯಿಗೆ ಬೇರಿನ ಹುಳುಕು ಶುರುವಾಗಿದ್ದರೆ 5000 ಪಿಪಿಎಂ ಫ್ಲೋರೈಡ್ ಪೇಸ್ಟ್ ಡಾಕ್ಟರ ಚೀಟಿಯ ಮೇಲೆ ಸಿಗುತ್ತದೆ. ರಾತ್ರಿ ತಿಕ್ಕಿ ಉಗಿದು, ನೀರು ಹಾಕದೆ ಮಲಗುವುದು. ಫ್ಲೋರೈಡ್ ಬೇಡವೇ ಬೇಡ ಎನ್ನುವವರಿಗೆ ಹೈಡ್ರಾಕ್ಸಿಅಪಟೈಟ್ ಪೇಸ್ಟ್ ಇದೆ, ಜಪಾನಿನಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ಆದರೆ ಬೇರು ಹುಳುಕಿನ ಅಪಾಯ ಹೆಚ್ಚಿರುವವರಿಗೆ ನಾನು ಫ್ಲೋರೈಡ್ ಅನ್ನೇ ಹೇಳುತ್ತೇನೆ. ಇದ್ದಿಲು, ಉಪ್ಪು, ಕೆಂಪು ಹಲ್ಲುಪುಡಿ ಬೇರಿನ ಮೇಲೆ ತಿಕ್ಕಬಾರದು, ಬೇರು ಮೃದು, ಗೀರು ಬೀಳುತ್ತದೆ. ಕೊರೆಯದೆ ಹುಳುಕು ನಿಲ್ಲಿಸಲು 38 ಶೇಕಡಾ ಸಿಲ್ವರ್ ಡೈಅಮೈನ್ ಫ್ಲೋರೈಡ್ ಹಚ್ಚಬಹುದು. ಚುಚ್ಚುವುದಿಲ್ಲ, ಖರ್ಚು ಕಡಿಮೆ, ಆ ಜಾಗ ಶಾಶ್ವತವಾಗಿ ಕಪ್ಪಾಗುತ್ತದೆ. ಹಿಂದಿನ ಹಲ್ಲಾದರೆ ಯಾರಿಗೂ ಕಾಣುವುದಿಲ್ಲ.

ಎಡಿಸನ್ ವಾಸಿ

ಊರಿಗೆ ಹೋದಾಗ ಮಾಡಿಸೋಣ ಎನ್ನುವವರಿಗೆ: ರೂಟ್ ಕೆನಾಲ್ ಮತ್ತು ಕ್ಯಾಪ್ ಎರಡು ವಾರದಲ್ಲಿ ಆಗುತ್ತದೆ, ಕಚ್ಚುವುದು ಸರಿಪಡಿಸಲು ಇನ್ನೊಂದು ವಾರ ಇಟ್ಟುಕೊಳ್ಳಿ. ಇಂಪ್ಲಾಂಟ್ ಆರು ವಾರದ ಪ್ರವಾಸದ ಕೆಲಸವಲ್ಲ. ಸ್ಕ್ರೂ ಮೂಳೆಗೆ ಹಿಡಿಯಲು ಸಾಮಾನ್ಯವಾಗಿ 3ರಿಂದ 6 ತಿಂಗಳು ಬೇಕು. ಮೊದಲ ಪ್ರವಾಸದಲ್ಲಿ ಸ್ಕ್ರೂ, ಮುಂದಿನದರಲ್ಲಿ ಹಲ್ಲು ಎಂದು ಯೋಜಿಸಿ. ಇಂಪ್ಲಾಂಟ್ ಪೆಟ್ಟಿಗೆಯ ಸ್ಟಿಕರ್ ಕೇಳಿ ಪಡೆಯಿರಿ: ಕಂಪನಿ, ಮಾದರಿ, ವ್ಯಾಸ, ಉದ್ದ, ಲಾಟ್ ನಂಬರ್. ಅದಿಲ್ಲದಿದ್ದರೆ ಇಲ್ಲಿ ಸ್ಕ್ರೂ ಸಡಿಲವಾದಾಗ ಸರಿಯಾದ ಡ್ರೈವರ್ ಯಾವುದೆಂದೇ ಗೊತ್ತಾಗದೆ ಡಾಕ್ಟರು ಕೈಚೆಲ್ಲುತ್ತಾರೆ. ಸಿಬಿಸಿಟಿಯನ್ನು ಫಿಲ್ಮ್ ಅಲ್ಲ, ಡೈಕಾಮ್ (ಯಾವ ಕ್ಲಿನಿಕ್ಕಿನ ಕಂಪ್ಯೂಟರಿನಲ್ಲೂ ತೆರೆಯಬಹುದಾದ ಸ್ಕ್ಯಾನ್) ಫೈಲ್ ಆಗಿಯೇ ತನ್ನಿ.

ತುಂಗಾತೀರ

ಕೊನೆಯದಾಗಿ ಒಂದು. ಅಮ್ಮನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಎಂಡೊಡಾಂಟಿಸ್ಟ್ ಇರುವುದು ಕಾಲೇಜಿನಲ್ಲಿ. ನಾವಿಬ್ಬರೂ ಕೆಲಸದಲ್ಲಿರುತ್ತೇವೆ.

ಹಳೇ ಮೈಸೂರು

ಕೇಂದ್ರ ಸರ್ಕಾರದ ಆರೋಗ್ಯ ನಿಧಿ ಪಡೆಯುವ ಕಾಲೇಜು, ಆಸ್ಪತ್ರೆ, ಸಮುದಾಯ ಕೇಂದ್ರಗಳು ದುಭಾಷಿಯನ್ನು ಉಚಿತವಾಗಿ ಕೊಡಬೇಕು. ಅಪಾಯಿಂಟ್‌ಮೆಂಟ್ ಮಾಡುವಾಗಲೇ ‘ಕನ್ನಡ’ ಎಂದು ಬರೆಸಿ, ಹಿಂದಿನ ದಿನ ಫೋನ್ ಮಾಡಿ ಖಚಿತಪಡಿಸಿಕೊಳ್ಳಿ. ‘ಇಂಡಿಯನ್’ ಎಂದಷ್ಟೇ ಹೇಳಿದರೆ ಹಿಂದಿಯವರನ್ನು ಹಾಕಿಬಿಡುತ್ತಾರೆ. ಕನ್ನಡದವರು ಬಹುಪಾಲು ಫೋನ್ ಮೂಲಕವೇ ಸಿಗುತ್ತಾರೆ, ಆದ್ದರಿಂದ ಅಮ್ಮನವರ ಶ್ರವಣಯಂತ್ರ ಇದ್ದರೆ ಚಾರ್ಜ್ ಮಾಡಿಟ್ಟಿರಿ. ಕೈಗೊಂದು ಹಾಳೆ ಕೊಡಿ: ಮಾತ್ರೆಗಳ ಹೆಸರು, ಮಿಲಿಗ್ರಾಂ, ಅಲೆಂಡ್ರೋನೇಟ್ ಶುರುವಾದ ವರ್ಷ, ಇತ್ತೀಚಿನ ಎಚ್‌ಬಿಎ1ಸಿ (ಕಳೆದ ಕೆಲವು ತಿಂಗಳ ಸರಾಸರಿ ಶುಗರ್), ನಿಮ್ಮ ಫೋನ್ ನಂಬರ್. ಅದರ ಕೆಳಗೆ ಇಂಗ್ಲಿಷಿನಲ್ಲಿ ದೊಡ್ಡದಾಗಿ ಬರೆಯಿರಿ: ‘ಇಂದು ಪರೀಕ್ಷೆ ಮಾತ್ರ. ಮಗನಿಗೆ ಫೋನ್ ಮಾಡದೆ ಯಾವ ಚಿಕಿತ್ಸೆಯನ್ನೂ ಶುರು ಮಾಡಬೇಡಿ.’